ಎದುರುಬದುರು ಉಯ್ಯಾಲೆ

ಸದ್ದು ಹೋದಾಗ ನಮ್ಮೂರಿನಲ್ಲಿ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ನನ್ನ ಅಜ್ಜಿಯ ಕಾಲದಿಂದಲೂ ಇರುವ ನಿಯಮ, ಯಾರೂ ಮುರಿಯುವುದಿಲ್ಲ. ಬೇರೆ ಊರುಗಳಲ್ಲಿ ಕರೆಂಟು ಹೋಗುತ್ತದಂತೆ. ನಮ್ಮಲ್ಲಿ ಕರೆಂಟು ಚೆನ್ನಾಗಿಯೇ ಇದೆ, ಹೋಗುವುದು ಸದ್ದು. ಒಮ್ಮೊಮ್ಮೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು, ಒಮ್ಮೊಮ್ಮೆ ಮಧ್ಯಾಹ್ನ ಪೂರ್ತಿ. ನಾನು ಹೊಲಿಗೆ ಮಿಷನ್ನು ತುಳಿಯುತ್ತಿರುತ್ತೇನೆ, ಸೂಜಿ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ, ಟಕಟಕ ಮಾತ್ರ ಇಲ್ಲ. ತಲೆ ಎತ್ತಿ ನೋಡಿದರೆ ಬೀದಿಯಲ್ಲಿ ಬಸ್ಸು ನಿಂತಿದೆ, ಸೈಕಲ್ಲಿನವರು ಒಂದು ಕಾಲು ನೆಲಕ್ಕೂರಿದ್ದಾರೆ, ಸೊಪ್ಪಿನವಳು ಬಾಯಿ ತೆರೆದುಕೊಂಡೇ ಇದ್ದಾಳೆ. ಒಂದು ಸಲ ಬ್ಲೌಸಿನ ತೋಳು ಬಿಗಿಯಾಯಿತೆಂದು ನನ್ನ ಮೇಲೆ ಕೂಗಾಡುತ್ತಿದ್ದ ಹೆಂಗಸೊಬ್ಬಳು ಸದ್ದು ಹೋದ ಕೂಡಲೇ ಎತ್ತಿದ ಬೆರಳು ಎತ್ತಿದ ಹಾಗೇ ನಿಂತಳು. ಸದ್ದು ಬಂದ ಮೇಲೆ ಬಿಟ್ಟ ಜಾಗದಿಂದಲೇ ಬೈಯಲು ಶುರು ಮಾಡಿದಳು. ಅಷ್ಟರಲ್ಲಿ ನಾನು ಕೂತಲ್ಲೇ ಆ ತೋಳಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಮುಗಿಸಿದ್ದೆ.

ಆ ಹೊತ್ತಿನಲ್ಲಿ ನಿಲ್ಲದೆ ಓಡಾಡಬಹುದಾದವರು ಕಿವಿ ಕೇಳದವರು ಮಾತ್ರ. ಅವರಿಗೆ ಸದ್ದು ಇದ್ದರೂ ಒಂದೇ, ಹೋದರೂ ಒಂದೇ. ನಮ್ಮ ಮುಖ ನೋಡಿಯೇ ಹೋಗಿದೆ ಎಂದು ತಿಳಿದುಕೊಳ್ಳುತ್ತಾರೆ. ನಮ್ಮಣ್ಣ ಗಂಗಣ್ಣ ಹುಟ್ಟಿನಿಂದಲೇ ಕಿವಿ ಕೇಳದವನು. ಮೀಸೆ ಮೂಡುವ ಮೊದಲೇ ಪುರಸಭೆಯವರು ಅವನ ಒಂದು ಕೈಗೆ ಕೆಂಪು ಬಾವುಟ, ಇನ್ನೊಂದು ಕೈಗೆ ಹಸಿರು ಬಾವುಟ ಕೊಟ್ಟು ಬಸ್ ಸ್ಟ್ಯಾಂಡಿನ ಸರ್ಕಲ್ಲಿನಲ್ಲಿ ನಿಲ್ಲಿಸಿದರು. ಆಸ್ಪತ್ರೆಯ ವ್ಯಾನು, ಹೆರಿಗೆಗೆ ಹೊರಟ ಆಟೋ, ಹಾಲಿನ ಗಾಡಿ, ಇವೆಲ್ಲ ಸದ್ದಿಲ್ಲದ ಹೊತ್ತಿನಲ್ಲಿ ಅವನ ಹಸಿರು ನೋಡಿಕೊಂಡೇ ಸಾಗಬೇಕು. ಊರು ಅವನನ್ನು ಪ್ರೀತಿಯಿಂದಲೇ ಕಂಡಿತು. ವರ್ಷ ವರ್ಷ ಶಾಲು ಹೊದಿಸಿತು. ಹೆಣ್ಣು ಮಾತ್ರ ಯಾರೂ ಕೊಡಲಿಲ್ಲ. ನಿಂತೂ ನಿಂತೂ ಕಾಲಿನ ನರ ಗಂಟುಗಟ್ಟಿದ ಮೇಲೆ ಮನೆಗೆ ಕಳಿಸಿದರು. ಈಗ ನಮ್ಮ ಜಗಲಿಯ ಮೇಲೆ ಕಾಲು ನೀಡಿ ಕೂತಿರುತ್ತಾನೆ. ಒಂದು ದಿನ ಅವನೇ ಕೈಯಲ್ಲಿ ಹೇಳಿದ: "ಊರೆಲ್ಲ ನನ್ನನ್ನೇ ನೋಡ್ತಿತ್ತು ಗೌರಿ. ಒಬ್ಬರೂ ಮಾತಾಡಿಸಲಿಲ್ಲ. ಮಾತಾಡಿಸಿದ್ರೂ ಏನು, ಉತ್ತರ ಕೊಡೋಕೆ ನನ್ನ ಕೈ ಎಲ್ಲಿ ಖಾಲಿ ಇತ್ತು?"

ನನ್ನ ಮಗಳು ಕುಮುದಳಿಗೂ ಕಿವಿ ಕೇಳುವುದಿಲ್ಲ ಎಂದು ಗೊತ್ತಾದಾಗ ಬೀದಿಯವರೆಲ್ಲ ಬಂದು ಸಮಾಧಾನ ಹೇಳಿದರು. "ಯಾಕೆ ಅಳ್ತೀರಾ ಗೌರಕ್ಕ, ಹೆಂಗೂ ಬಾವುಟ ಇದೆಯಲ್ಲ!" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಮೈಯೆಲ್ಲ ಉರಿದುಹೋಯಿತು. ತೊಟ್ಟಿಲಲ್ಲಿ ಬೆರಳು ಚೀಪುತ್ತಾ ಮಲಗಿರುವ ಕೂಸಿಗೆ ಆಗಲೇ ಸರ್ಕಲ್ಲು ಗೊತ್ತು ಮಾಡಿಬಿಟ್ಟರಲ್ಲ ಇವರು! ನಮ್ಮಣ್ಣ ಈ ಊರಿಗೆ ಕಂಬವಾದದ್ದು ಸಾಕು, ನನ್ನ ಮಗಳು ಎಲ್ಲ ಮಕ್ಕಳ ಹಾಗೆ ಆಡಬೇಕು, ಅವಳನ್ನು ಯಾರೂ ಎಲ್ಲೂ ನಿಲ್ಲಿಸಬಾರದು. ನನಗೆ ಬೇಕಾಗಿದ್ದದ್ದು ಇಷ್ಟೇ. ಇದಕ್ಕಿಂತ ಒಂದು ಗೇಣು ಜಾಸ್ತಿ ನಾನು ಯಾರನ್ನೂ ಕೇಳಿಲ್ಲ.

ಬಾಯಿಬಡುಕಿ ಅನ್ನುತ್ತಾರಲ್ಲ, ನನ್ನ ಮಗಳು ಕೈಬಡುಕಿ. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದ ಮಾತು ಕೈ ಸೋತು ನಿದ್ದೆ ಬರುವವರೆಗೂ ನಿಲ್ಲದು. ಸ್ಕೂಲಿಗೆ ಕರೆದುಕೊಂಡು ಹೋಗುವಾಗ ನನಗೆ ಅವಳ ಕೈ ಕಾಣಬೇಕೆಂದು ದಾರಿಯುದ್ದಕ್ಕೂ ಹಿಂದುಹಿಂದಕ್ಕೆ ನಡೆಯುತ್ತಾಳೆ. ಎಷ್ಟು ಸಲ ಸಗಣಿ ತುಳಿದಿದ್ದಾಳೋ ಲೆಕ್ಕವಿಲ್ಲ. ಸ್ಕೂಲಿನ ಗೇಟು ಮುಟ್ಟಿದ ಮೇಲೂ ಒಂದು ಮಾತು ಉಳಿದೇ ಇರುತ್ತದೆ, ಅದನ್ನು ಹೇಳದೆ ಒಳಗೆ ಹೋಗಳು. ಚಿಕ್ಕವಳಿದ್ದಾಗ ಒಂದು ದಿನ ಸದ್ದು ಹೋಯಿತು. ಅಂಗಡಿಯಲ್ಲಿದ್ದವರೆಲ್ಲ ಒಬ್ಬರಿಗೊಬ್ಬರು ಕೈಯಾಡಿಸಿ "ಹೋಯ್ತು, ಹೋಯ್ತು" ಎಂದು ತೋರಿಸಿಕೊಂಡರು. ಇವಳು ಮಿಷನ್ನಿನ ಕೆಳಗೆಲ್ಲ ತೂರಿ ಹುಡುಕಿ, ಒಂದು ಗುಂಡಿ ತಂದು ನನ್ನ ಅಂಗೈಯಲ್ಲಿಟ್ಟು, "ಇದೇನಾ ಹೋಗಿದ್ದು?" ಎಂದು ಕೇಳಿದಳು.

ಪಕ್ಕದ ಮನೆಯ ಜೀನತ್ ಅವಳ ಜೀವದ ಗೆಳತಿ. ಜೀನತ್‌ಗೆ ಕಿವಿ ಚುರುಕು, ಆದರೆ ಕುಮುದಳ ಜೊತೆ ಬೆಳೆದು ಕೈಮಾತು ನನಗಿಂತ ಚೆನ್ನಾಗಿ ಕಲಿತಿದ್ದಾಳೆ. ಇಬ್ಬರದೂ ಒಂದೇ ಸ್ಕೂಲು. ನಮ್ಮೂರ ಸ್ಕೂಲಿನಲ್ಲಿ ಕೇಳುವ ಮಕ್ಕಳೂ ಕೇಳದ ಮಕ್ಕಳೂ ಒಟ್ಟಿಗೇ ಇದ್ದಾರೆ. ಒಟ್ಟಿಗೆ ಎಂದರೆ ಒಂದೇ ಕಾಂಪೌಂಡಿನ ಒಳಗೆ, ಅಷ್ಟೇ. ಹಳೆಯ ಮೈದಾನದಲ್ಲಿ ಎಲ್ಲ ಆಟವೂ ಪಿ.ಟಿ. ಮೇಷ್ಟ್ರ ಸೀಟಿಯಿಂದ ಶುರುವಾಗಿ ಸೀಟಿಯಿಂದ ಮುಗಿಯುತ್ತಿತ್ತು. ಕಿವಿ ಕೇಳದ ನಮ್ಮ ಮಕ್ಕಳು, ಎಲ್ಲರೂ ಓಡಿದ ಮೇಲೆ ಓಡಬೇಕು, ಎಲ್ಲರೂ ನಿಂತ ಮೇಲೆ ನಿಲ್ಲಬೇಕು. ಹಿಂದಿನಿಂದ ಚೆಂಡು ಬಂದು ತಲೆಗೆ ಬಡಿಯುವುದು. ಪಕ್ಕಕ್ಕೆ ಸರಿ ಅಂದರೂ ಸರಿಯಲಿಲ್ಲವೆಂದು ಮೇಲೆ ಬೈಗುಳ ಬೇರೆ. ಹಾಗಾಗಿ ಮೆಟ್ಟಿಲ ಮೇಲೆ ಸಾಲಾಗಿ ಕೂತು ನೋಡುತ್ತಿದ್ದರು. ಸದ್ದು ಹೋದರೆ ಮಾತ್ರ ಅವರಿಗೆ ಹಬ್ಬ. ಉಳಿದ ಮಕ್ಕಳು ನಿಂತಲ್ಲೇ ನಿಂತಿರುವಾಗ ಇವರು ಹೋ ಎಂದು ಇಳಿದು ಅವರ ನಡುವೆ ಹಾದು, ಬಳಸಿ, ಮುಟ್ಟಾಟ ಆಡುತ್ತಿದ್ದರು. ನಿಂತ ಜೀನತ್‌ಳ ಮೂಗು ಹಿಂಡಿ ಕುಮುದ ಓಡುತ್ತಿದ್ದಳಂತೆ. ಸದ್ದು ಬಂದ ಕೂಡಲೇ ಮತ್ತೆ ಮೆಟ್ಟಿಲು.

ಹೀಗಿರುವಾಗ ಹೆಡ್‌ಮಾಸ್ಟರ್ ಪರಶಿವಯ್ಯನವರು ನನ್ನ ಅಂಗಡಿಗೆ ಬಂದರು. ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

"ಗೌರಮ್ಮ, ಹೊಸ ಮೈದಾನ ಮಂಜೂರಾಗಿದೆ. ಎಲ್ಲರ ಮೈದಾನ ಅಂತ ಹೆಸರು. ಕಿವಿ ಕೇಳೋ ಮಕ್ಕಳು, ಕೇಳದ ಮಕ್ಕಳು, ಸದ್ದಿರಲಿ ಹೋಗಲಿ, ಎಲ್ಲರೂ ಕೂಡಿ ಆಡಬೇಕು. ಸಮಿತೀಲಿ ನಿಮ್ಮಂಥ ತಾಯಿ ಒಬ್ಬರಿರಬೇಕು, ಬರ್ತೀರಾ?" ಅಂದರು.

"ಆಡೋರು ಮಕ್ಕಳು ಮೇಷ್ಟ್ರೇ, ನಾನೇನು ಉಯ್ಯಾಲೆ ಹತ್ತಲಾ? ಅವರನ್ನೇ ಕೇಳಿ."

"ಅದಕ್ಕೇ ನಿಮ್ಮ ಹತ್ರ ಬಂದಿದ್ದು. ನೀವು ಅವರನ್ನ ಕೇಳ್ಕೊಂಡು ಬನ್ನಿ," ಎಂದು ನಕ್ಕರು. ಎಷ್ಟು ಖುಷಿಯಾಯಿತೆಂದರೆ, ಕಾಫಿ ತರಿಸಿಕೊಟ್ಟೆ.

ಆ ಸಂಜೆ ಬಟ್ಟೆ ಕತ್ತರಿಸುವ ಮೇಜನ್ನು ಪೂರ್ತಿ ಖಾಲಿ ಮಾಡಿ, ಗುರುತು ಹಾಕುವ ಚಾಕ್‌ಪೀಸು ಕುಮುದಳ ಕೈಗೆ ಕೊಟ್ಟೆ. ಪಕ್ಕದಲ್ಲಿ ಜೀನತ್ ಹತ್ತಿ ಕೂತಳು. ಮರೆ ಮಾಡುವ ಗೋಡೆ ಎಲ್ಲೂ ಬೇಡ ಎಂದು ಕುಮುದ ಮೊದಲು ಬರೆದಳು. ಮರೆಯಿಂದ ಯಾರು ಬರುತ್ತಾರೋ ಕಾಣುವುದಿಲ್ಲ, ಎಲ್ಲಿ ನಿಂತರೂ ಎಲ್ಲರ ಕೈ ಕಾಣಬೇಕು. ದಾರಿ ಅಗಲವಿರಬೇಕು, ಇಬ್ಬರು ಮುಖ ತಿರುಗಿಸಿಕೊಂಡು ಮಾತಾಡುತ್ತಾ ನಡೆದರೂ ಎಡವಬಾರದು. ಬೆಲ್ಲಿನ ಜೊತೆ ಕಂಬದ ಮೇಲೆ ಹಳದಿ ದೀಪ ಹೊತ್ತಿಕೊಳ್ಳಬೇಕು. ಆಮೇಲೆ ಮೈದಾನದ ಉದ್ದಕ್ಕೂ ಒಂದು ಗೆರೆ ಎಳೆದು, "ಇದು ನೆಲಕ್ಕೆ ಹಾಸೋ ಹಲಗೆ" ಅಂದಳು. ಈ ತುದಿಯಲ್ಲಿ ಕಾಲು ಬಡಿದರೆ ಆ ತುದಿಯಲ್ಲಿ ನಿಂತವರ ಪಾದಕ್ಕೆ ನಡುಕ ಮುಟ್ಟಿ ತಿರುಗಿ ನೋಡುತ್ತಾರೆ, ಅದೇ ಕರೆಯುವುದು. ಸದ್ದು ಹೋದರೂ ನಡುಕ ಹೋಗುವುದಿಲ್ಲವಲ್ಲ.

ಕೊನೆಗೆ ಉಯ್ಯಾಲೆ. ಎರಡು ಉಯ್ಯಾಲೆ ಬರೆದಳು, ಅಕ್ಕಪಕ್ಕ ಅಲ್ಲ, ಎದುರುಬದುರು. ಒಂದರಲ್ಲಿ ತಾನು, ಒಂದರಲ್ಲಿ ಜೀನತ್. ಆಮೇಲೆ ತಲೆ ಕೆರೆದುಕೊಂಡು ಎರಡಕ್ಕೂ ಕುರ್ಚಿಯ ಹಾಗೆ ಬೆನ್ನು ಬರೆದಳು, ತೊಡೆಯ ಮೇಲೆ ಅಡ್ಡ ಒಂದು ಸರಳು ಬರೆದಳು. "ಇದ್ಯಾಕೆ?" ಎಂದು ಕೇಳಿದೆ.

"ಸರಪಳಿ ಹಿಡ್ಕೊಂಡ್ರೆ ಮಾತಾಡೋದು ಹೆಂಗಮ್ಮ? ಸರಳು ನನ್ನ ಹಿಡ್ಕೊಳ್ಳುತ್ತೆ, ನಾನು ಮಾತಾಡ್ತೀನಿ," ಅಂದಳು. ಇಷ್ಟೂ ತಿಳಿಯುವುದಿಲ್ಲವೇ ನಿನಗೆ ಎನ್ನುವ ಮುಖ ಮಾಡಿಕೊಂಡು ಅಂದಳು. ಜಗಲಿಯಿಂದ ಒಳಗೆ ಬಂದ ನಮ್ಮಣ್ಣ ಆ ಉಯ್ಯಾಲೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕುಮುದಳ ತಲೆ ಸವರಿ ಹೊರಗೆ ಹೋದ.

ಸಮಿತಿಯ ಅಧ್ಯಕ್ಷರು ಅಕ್ಕಿ ಗಿರಣಿಯ ವೀರಭದ್ರಪ್ಪನವರು. ಉಯ್ಯಾಲೆಯ ವಿಷಯ ಬಂದಾಗ, "ಏನ್ರೀ ಇದು, ಕೈ ಬಿಟ್ಕೊಂಡು ಯಾರಾದ್ರೂ ಉಯ್ಯಾಲೆ ಆಡ್ತಾರೇನ್ರೀ?" ಎಂದು ಹುಬ್ಬು ಹಾರಿಸಿದರು.

"ನಿಮ್ಮ ಮೊಮ್ಮಕ್ಕಳಿಗೆ ಬಾಯಿಗೆ ಬಟ್ಟೆ ಕಟ್ಟಿ, ಈಗ ಉಯ್ಯಾಲೆ ಆಡ್ರಪ್ಪಾ ಅಂದ್ರೆ ಆಡ್ತಾರಾ? ಹಂಗೇ ಇದೂನೂ," ಅಂದೆ.

ಇಂಜಿನಿಯರು ಸುಕನ್ಯಾ ಎನ್ನುವ ಹುಡುಗಿ ಪಕ್ಕೆ ಹಿಡಿದುಕೊಂಡು ನಕ್ಕಳು. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ, ಕುಮುದ ಬರೆದದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಪ್ಲಾಸ್ಟಿಕ್ ಜಾರುಬಂಡೆಯಲ್ಲಿ ಜಾರಿದರೆ ಮೈಗೆ ಚುರುಚುರು ಕರೆಂಟು ಹತ್ತಿ ಕೆಲವು ಮಕ್ಕಳ ಕಿವಿಯ ಮಿಷನ್ನು ಕೆಡಬಹುದು ಎಂದು ತಾನೇ ಯೋಚಿಸಿ, ತಗಡಿನದು ಹಾಕಿಸಿದಳು. ಹಲಗೆ ಜೋಡಿಸಿದ ದಿನ ಚಪ್ಪಲಿ ಬಿಟ್ಟು ಒಂದು ತುದಿಯಲ್ಲಿ ತಾನು ನಿಂತು, ಇನ್ನೊಂದು ತುದಿಯಲ್ಲಿ ಕುಮುದಳನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಕಾಲು ಬಡಿದಳು. ಕುಮುದ ಥಟ್ಟನೆ ತಿರುಗಿದಳು. ನನ್ನ ಕಣ್ಣಲ್ಲಿ ನೀರು ಬಂತು. ಅಳಬಾರದೆಂದು ಸೆರಗಿನಿಂದ ಮೂಗು ಒರೆಸಿಕೊಂಡೆ. ಮಾತಿಗೆ ಹೇಳುತ್ತಿಲ್ಲ, ಅಂಥ ಮೈದಾನ ಯಾವ ಊರಿನಲ್ಲೂ ಇರಲಿಕ್ಕಿಲ್ಲ. ಕಟ್ಟಿದ್ದರಲ್ಲಿ ಒಂದೇ ಒಂದು ತಪ್ಪಿಲ್ಲ.

ಉದ್ಘಾಟನೆಗೆ ಸ್ವಲ್ಪ ಮೊದಲು ಹೆಡ್‌ಮಾಸ್ಟರು ಹೇಳಿ ಕಳಿಸಿದರು. ನಮ್ಮ ಕಿವಿ ಕೇಳದ ಮಕ್ಕಳಿಗೆಲ್ಲ ಕೇಸರಿ ಬಣ್ಣದ ಎದೆಪಟ್ಟಿ ಬೇಕು, ಹೆಗಲಿಂದ ಸೊಂಟಕ್ಕೆ ಬರುವಂಥದ್ದು. ಚಿಕ್ಕಚಿಕ್ಕ ಬಾವುಟಗಳೂ ಬೇಕು. ಸಮಾರಂಭದಲ್ಲಿ ಮೆರವಣಿಗೆ ಇರಬೇಕು ಅಂದುಕೊಂಡೆ. ಒಳ್ಳೆಯ ಸ್ಯಾಟಿನ್ ಬಟ್ಟೆಯಲ್ಲಿ, ಅಂಚಿಗೆ ಜರಿ ಕೊಟ್ಟು ಹೊಲಿದೆ. ಕುಮುದಳ ಪಟ್ಟಿಗೆ ಒಳಗಡೆ ಒಂದು ಪುಟ್ಟ ಹೂವು ಕಸೂತಿ ಹಾಕಿದೆ.

ಆ ದಿನ ಟೇಪು ಕತ್ತರಿಸಿದರು, ತೆಂಗಿನಕಾಯಿ ಒಡೆದರು. ಹೆಡ್‌ಮಾಸ್ಟರು ಮೈಕಿನ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು. "ಇಷ್ಟು ದಿನ ಸದ್ದು ಹೋದರೆ ನಮ್ಮ ಮಕ್ಕಳು ಆಟ ಬಿಟ್ಟು ನಿಲ್ಲಬೇಕಿತ್ತು. ಇನ್ನು ನಿಲ್ಲಬೇಕಾಗಿಲ್ಲ. ನಮ್ಮ ಕಿವಿ ಕೇಳದ ಮಕ್ಕಳೇ ಅವರಿಗೆ ಕಾವಲು. ಒಂದೊಂದು ಆಟಕ್ಕೂ ಒಬ್ಬೊಬ್ಬರು ಬಾವುಟ ಹಿಡಿದು ನಿಲ್ತಾರೆ. ಕೆಂಪು ತೋರಿಸಿದರೆ ನಿಲ್ಲಿ, ಹಸಿರು ತೋರಿಸಿದರೆ ಆಡಿ. ಈ ಮೈದಾನ ನಿಜವಾಗಿ ಎಲ್ಲರದೂ ಆಗುವುದು ಇವರಿಂದ," ಅಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮ ಮಕ್ಕಳಿಗೆ ಕಾಣಲಿ ಎಂದು ಕೈ ಮೇಲೆತ್ತಿ ಬೆರಳು ಆಡಿಸಿದರು, ಅದನ್ನೂ ಕಲಿತುಕೊಂಡು ಬಂದಿದ್ದರು. ಪೇಪರಿನವರು ಫೋಟೋ ತೆಗೆದರು. ನಾನು ಕುರ್ಚಿಯಲ್ಲಿ ಕೂತವಳು ಕೂತೇ ಇದ್ದೆ. ಪಟ್ಟಿ ಹೊಲಿದದ್ದು ಈ ಕೈಗಳೇ ಅಲ್ಲವೇ ಎಂದು ನನ್ನ ಕೈಗಳನ್ನೇ ನೋಡಿಕೊಂಡೆ.

ಕೇಳುವ ಮಕ್ಕಳೆಲ್ಲ ಒಂದೇ ಉಸಿರಿಗೆ ಓಡಿ ಜಾರುಬಂಡೆ, ಹಲಗೆ, ಉಯ್ಯಾಲೆ ಎಲ್ಲ ಹತ್ತಿದರು. ನಮ್ಮ ಮಕ್ಕಳು ತಮಗೆ ಹೇಳಿದ ಜಾಗದಲ್ಲಿ ನಿಂತರು. ಕುಮುದಳನ್ನು ಜಾರುಬಂಡೆಗೂ ಉಯ್ಯಾಲೆಗೂ ನಡುವೆ ನಿಲ್ಲಿಸಿದ್ದರು. ಅವಳಿಗೆ ಹೆಮ್ಮೆಯೋ ಹೆಮ್ಮೆ. ಎದೆ ಸೆಟೆಸಿ ನಿಂತಿದ್ದಳು. ನನ್ನನ್ನು ಕಂಡು ಏನೋ ಹೇಳಲು ಹೋಗಿ, ಎರಡೂ ಕೈಯಲ್ಲಿ ಬಾವುಟ ಇರುವುದು ನೆನಪಾಗಿ, ಹಲ್ಲು ಬಿಟ್ಟು ನಕ್ಕಳು. ಆಗ ನಮ್ಮಣ್ಣ ಕುಂಟುತ್ತಾ ಅವಳ ಹತ್ತಿರ ಹೋದ. ಪಟ್ಟಿ ಕಿತ್ತು ಎಸೆಯುತ್ತಾನೋ ಏನೋ ಎಂದು ಹೆದರಿದೆ. ಎಸೆಯಲಿ ಎಂದು ಆಸೆಯೂ ಆಯಿತು. ಅವನು ಬಗ್ಗಿ ಅವಳ ಮೊಣಕಾಲನ್ನು ಹಿಡಿದು ಸ್ವಲ್ಪ ಸಡಿಲ ಮಾಡಿದ. ಮೊಣಕೈಯನ್ನು ಪಕ್ಕೆಗೆ ಒತ್ತಿದ. ಹೀಗೆ ನಿಂತರೆ ನೋವು ಬರುವುದಿಲ್ಲ ಎಂದು ತೋರಿಸಿಕೊಟ್ಟ. ಆಮೇಲೆ ಮುಖ ತಿರುಗಿಸಿಕೊಂಡು ಗೇಟಿನ ಕಡೆ ನಡೆದುಬಿಟ್ಟ.

ಹೆಮ್ಮೆ ಒಂದು ವಾರ ಇತ್ತು. ಆಮೇಲೆ ಸ್ಕೂಲಿನಿಂದ ಬಂದ ಕೂಡಲೇ ಒಂದೇ ಪ್ರಶ್ನೆ: "ನನ್ನ ಸರದಿ ಯಾವಾಗ?" ನಾಳೆ ಇರಬಹುದು ಅಂದೆ. ಮಾರನೆಯ ದಿನವೂ ಅದೇ ಪ್ರಶ್ನೆ. ಕೊನೆಗೆ ಕೈಯಲ್ಲಿದ್ದ ಬಟ್ಟೆ ಬಿಸಾಕಿ ಹೆಡ್‌ಮಾಸ್ಟರ ಕೋಣೆಗೆ ಹೋದೆ.

"ಸದ್ದು ಹೋದಾಗ ಬಾವುಟ ಹಿಡೀಲಿ ಮೇಷ್ಟ್ರೇ, ಸಾಯ್ಲಿ. ಸದ್ದು ಇದ್ದಾಗ ಆದ್ರೂ ಆಡಬಹುದಲ್ಲ?"

"ಸದ್ದು ಹೇಳಿ ಕೇಳಿ ಹೋಗುತ್ತಾ ಗೌರಮ್ಮ? ಯಾವ ಗಳಿಗೇಲಿ ಹೋಗುತ್ತೋ ಏನೋ. ಆಗ ಇವರು ಅಲ್ಲೆಲ್ಲೋ ಉಯ್ಯಾಲೆ ಮೇಲಿದ್ರೆ ಮಕ್ಕಳ ಗತಿ ಏನು? ಸಿದ್ಧವಾಗಿರಬೇಕಲ್ವಾ."

"ಮಕ್ಕಳು! ನಮ್ಮವು ಮಕ್ಕಳಲ್ವಾ?"

"ಅಯ್ಯೋ, ಅವರು ಮಕ್ಕಳಿಗಿಂತ ಹೆಚ್ಚು ನಮಗೆ," ಅಂದರು. ಮನಸಾರೆ ಅಂದರು. "ಇಡೀ ಸ್ಕೂಲು ಅವರನ್ನ ಎಷ್ಟು ಗೌರವದಿಂದ ನೋಡುತ್ತೆ ಗೊತ್ತಾ? ಮೊದಲು ಯಾರು ಅವರ ಕಡೆ ತಿರುಗಿ ನೋಡ್ತಿದ್ರು, ನೀವೇ ಹೇಳಿ."

ನಾನು ಎದ್ದುಬಂದೆ. ಮೊದಲು ಸದ್ದು ಹೋದ ಹೊತ್ತಾದರೂ ಅವರದಾಗಿತ್ತು, ಅದನ್ನೂ ಕಿತ್ತುಕೊಂಡಿರಲ್ಲ ಎಂದು ಹೇಳಬೇಕಿತ್ತು. ಮಾತು ಹೊಳೆದದ್ದು ಅರ್ಧ ದಾರಿ ಬಂದ ಮೇಲೆ. ಮನೆಯಲ್ಲಿ ನಮ್ಮ ಯಜಮಾನರು ಅನ್ನ ಕಲಸುತ್ತಾ, "ದೊಡ್ಡವರ ಹತ್ರ ಯಾಕೆ ಕಿತ್ತಾಡ್ತೀಯ ಬಿಡು. ಪೇಪರಲ್ಲಿ ಫೋಟೋ ಬಂದಿದೆ ಅವಳ್ದು," ಅಂದರು. ಆ ಫೋಟೋ ಕತ್ತರಿಸಿ ತಾವು ಓಡಿಸುವ ಹಾಲಿನ ವ್ಯಾನಿನಲ್ಲಿ ಅಂಟಿಸಿಕೊಂಡಿದ್ದರು. ಅವರಿಗೆ ಸಾರು ಬಡಿಸದೆ ಎದ್ದೆ.

ಮುಂದಿನದನ್ನು ಜೀನತ್ ನನಗೆ ಹೇಳಿದಳು. ಬಿಕ್ಕಿ ಬಿಕ್ಕಿ ಅಳುತ್ತಾ ಹೇಳಿದಳು. ಆವತ್ತು ಅವಳು ಉಯ್ಯಾಲೆಯ ಮೇಲಿದ್ದಳಂತೆ. ಎದುರಿನ ಉಯ್ಯಾಲೆ ಖಾಲಿಯಾಯಿತು. ಅಷ್ಟರಲ್ಲಿ ಸದ್ದೂ ಹೋಯಿತು. ಕುಮುದ ಜಾರುಬಂಡೆಯ ಕಡೆ ಕೆಂಪು ಎತ್ತಿ, ಕೆಳಗೆ ಬಿದ್ದವನು ಏಳಲಿ ಎಂದು ಕಾಯುತ್ತಿದ್ದಳು. ಜೀನತ್ ಕೈ ಬೀಸಿ ಅವಳನ್ನು ಕರೆದು, "ಖಾಲಿ ಇದೆ, ಬಾರೇ," ಅಂದಳು. ಕುಮುದ ಖಾಲಿ ಉಯ್ಯಾಲೆ ನೋಡಿದಳು, ಜೀನತ್‌ಳನ್ನು ನೋಡಿದಳು, ಬಾವುಟಗಳನ್ನು ನೆಲಕ್ಕೆ ಇಟ್ಟಳು. ಇಟ್ಟು ಉತ್ತರ ಹೇಳಿದಳು. ಅಷ್ಟೇ ಹೊತ್ತು. ಕೆಂಪು ಕೆಳಗಿಳಿದದ್ದನ್ನು ಕಂಡು ಮೇಲಿದ್ದ ಹುಡುಗ ಜಾರಿಬಿಟ್ಟ. ಕೆಳಗಿದ್ದ ಪುಟ್ಟ ಹುಡುಗನ ಮೇಲೆ ಬಿದ್ದ. ಪುಟ್ಟವನ ಕೈ ಮುರಿಯಿತು. ಆ ಮಗು ಎಷ್ಟು ಕಿರುಚಿತೋ ಏನೋ, ಸದ್ದು ಬರುವವರೆಗೂ ಯಾರಿಗೂ ಕೇಳಲಿಲ್ಲ. ಮೊದಲು ಓಡಿ ಹೋಗಿ ಎತ್ತಿಕೊಂಡವಳು ಕುಮುದಳೇ.

ಸಮಿತಿ ಸೇರಿತು. ಪುಟ್ಟ ಹುಡುಗನ ತಾಯಿ ಒಂದು ಮೂಲೆಯಲ್ಲಿ ಕೂತು ಅಳುತ್ತಿದ್ದಳು, ಅವಳ ಮೇಲೆ ನನಗೆ ಕೋಪವಿಲ್ಲ. ವೀರಭದ್ರಪ್ಪನವರು, "ನಂಬಿ ಕೆಲಸ ಕೊಟ್ರೆ ಹಿಂಗಾ ಮಾಡೋದು?" ಅಂದರು. ಹೆಡ್‌ಮಾಸ್ಟರು ಕೈಯೆತ್ತಿ, "ಮಗುವಿಗೆ ಶಿಕ್ಷೆ ಅಂತೂ ಬೇಡ. ಚಿಕ್ಕವಳು. ಬಾವುಟ ಕೆಳಗೆ ಇಡದ ಹಾಗೆ ಏನಾದ್ರೂ ಮಾಡೋಣ," ಅಂದರು.

ನಾನು ಎದ್ದು ನಿಂತೆ. "ಬಾವುಟ ಯಾಕೆ ಕೆಳಗಿಟ್ಲು ಅಂತ ಯಾರಾದ್ರೂ ಕೇಳಿದ್ರಾ? ಏನು ಮಾತಾಡಿದ್ಲು ಅಂತ ಕೇಳಿದ್ರಾ? ಮಾತಾಡಿದ್ದೇ ತಪ್ಪು ಅಂತೀರಲ್ಲ, ಏನು ಮಾತು ಅದು?"

ಯಾರೂ ಏನೂ ಅನ್ನಲಿಲ್ಲ. ಸದ್ದು ಹೋಗಿದೆಯೇನೋ ಎನ್ನಿಸಿತು. ಫ್ಯಾನು ಕಿರ್ರೆನ್ನುತ್ತಿತ್ತು, ಹೋಗಿರಲಿಲ್ಲ.

"ನಾನು ಹೇಳ್ತೀನಿ ಕೇಳಿ. 'ನನ್ನ ಸರದಿ ಇಲ್ಲ, ಕೇಳಿ ಬರ್ತೀನಿ, ಜಾಗ ಇಟ್ಕೊಂಡಿರು' ಅಂದ್ಲು. ತಾನೇ ಬರೆದುಕೊಟ್ಟ ಉಯ್ಯಾಲೆಗೆ ಕೇಳಿ ಬರ್ತೀನಿ ಅಂದ್ಲು ನನ್ನ ಮಗಳು!"

ಸುಕನ್ಯಾ ತಲೆ ತಗ್ಗಿಸಿ ಕೂತಿದ್ದಳು. "ಸರ್, ಒಬ್ಬೊಬ್ಬರೂ ಸರದಿ ಮೇಲೆ," ಎಂದು ಏನೋ ಶುರು ಮಾಡಿದಳು. "ಕಟ್ಟೋವರೆಗೆ ನಿಮ್ಮ ಕೆಲಸಮ್ಮ, ನಡೆಸೋದು ಸ್ಕೂಲಿನ ಕೆಲಸ," ಎಂದು ವೀರಭದ್ರಪ್ಪನವರು ನಯವಾಗಿಯೇ ಬಾಯಿ ಮುಚ್ಚಿಸಿದರು. ಕೊನೆಗೆ ತೀರ್ಮಾನವಾಯಿತು. ಬಾವುಟದ ಕೋಲನ್ನು ಅಂಗೈಗೆ ಸೇರಿಸಿ ಮಣಿಕಟ್ಟಿನ ಸುತ್ತ ಪಟ್ಟಿ ಬಿಗಿಯಬೇಕು. ಮೃದುವಾದ ಬಟ್ಟೆಯಲ್ಲಿರಬೇಕು, ಮಕ್ಕಳಿಗೆ ನೋವಾಗಬಾರದು. ಇದಾದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಊರಿನ ಟೈಲರು ನಾನಲ್ಲವೇ.

"ನನ್ನ ಕೈ ಬಿದ್ದುಹೋದ್ರೂ ಹೊಲಿಯಲ್ಲ," ಎಂದು ಹೇಳಿ ಎದ್ದುಬಂದೆ. ಮಾರ್ಕೆಟ್ಟಿನ ಹತ್ತಿರದ ಟೈಲರು ಹೊಲಿದುಕೊಟ್ಟ.

ಕುಮುದ ಇನ್ನು ಬಾವುಟ ಹಿಡಿಯುವುದಿಲ್ಲ ಎಂದು ಹೇಳಿ ಕಳಿಸಿದೆ. ಆಗಲಿ ಎಂದು ಒಪ್ಪಿಕೊಂಡರು. ಕಾವಲಿಗಿಲ್ಲದ, ಕಿವಿ ಕೇಳದ ಮಗು ಸದ್ದಿಲ್ಲದ ಹೊತ್ತಿನಲ್ಲಿ ಬಾವುಟದ ಕಡೆ ನೋಡದೆ ಮೈದಾನದಲ್ಲಿ ಓಡಾಡಿದರೆ ಜವಾಬ್ದಾರಿ ಯಾರು? ಆದ್ದರಿಂದ ಆಟದ ಹೊತ್ತಿನಲ್ಲಿ ಅವಳು ಕ್ಲಾಸಿನೊಳಗೇ ಇರಲಿ ಅಂದರು. ಕುಮುದ ಕಿಟಕಿಯ ಸರಳು ಹಿಡಿದುಕೊಂಡು ನೋಡುತ್ತಾ ನಿಲ್ಲುತ್ತಿದ್ದಳಂತೆ. ಹೊರಗೆ ಅವಳ ಕ್ಲಾಸಿನವರೆಲ್ಲ ಪಟ್ಟಿ ಹಾಕಿಕೊಂಡು ಬಿಸಿಲಲ್ಲಿ ನಿಂತಿದ್ದರು. ಜೀನತ್ ಉಯ್ಯಾಲೆ ಹತ್ತುವುದನ್ನೇ ಬಿಟ್ಟಳು. ಸ್ವಲ್ಪ ದಿನ ಕಿಟಕಿಯ ಹೊರಗೆ ನಿಂತು ಮಾತಾಡಿಸುತ್ತಿದ್ದಳು. ಆಮೇಲೆ ಅವಳೂ ಮಗುವೇ ಅಲ್ಲವೇ, ಆಡಲು ಹೋದಳು.

ಆಗ ಕುಮುದ ನನ್ನ ಮೇಲೆ ಮುನಿಸಿಕೊಂಡಳು. ಬೈದಿದ್ದರೆ ಸಹಿಸುತ್ತಿದ್ದೆ, ಕೈ ಕಟ್ಟಿಕೊಂಡು ಕೂತುಬಿಟ್ಟಳು. ಮನೆಯಲ್ಲಿ ಮಾತೇ ಇಲ್ಲ. ದಾರಿಯಲ್ಲಿ ನನ್ನ ಮುಂದೆ ಬೆನ್ನು ತೋರಿಸಿಕೊಂಡು, ಎಲ್ಲ ಮಕ್ಕಳ ಹಾಗೆ ನೆಟ್ಟಗೆ ನಡೆದಳು. ಒಂದೇ ಒಂದು ಸಲ ಕೇಳಿದಳು: "ಹೊರಗೆ ನಿಂತ್ರೆ ಎಲ್ಲರೂ ಕಾಣ್ತಾರೆ. ಒಳಗೆ ನಿಂತ್ರೆ ಏನಿದೆ? ನೀನು ಯಾಕೆ ಹಿಂಗೆ ಮಾಡ್ದೆ?" ನಾನು ಉತ್ತರ ಹುಡುಕುತ್ತಿರುವಾಗಲೇ ಮುಖ ತಿರುಗಿಸಿದಳು. ಕಿವಿ ಕೇಳದವರು ಮುಖ ತಿರುಗಿಸಿದರೆ ಮುಗಿ­ಯಿತು, ಇನ್ನು ನಾವು ಹೇಳುವುದು ಗೋಡೆಗೆ.

ಒಂದು ಬೆಳಿಗ್ಗೆ ಅಂಗಡಿ ತೆಗೆದು ನೋಡಿದರೆ ಮಿಷನ್ನಿನ ಮೇಲೆ ಕೇಸರಿ ದಾರ ಹಾಗೇ ಇತ್ತು. ಎದೆಪಟ್ಟಿ ಹೊಲಿದು ಉಳಿದಿದ್ದ ಸ್ಯಾಟಿನ್ ಚೂರುಗಳ ಗಂಟು ಬಿಚ್ಚಿತ್ತು. ಕುಮುದ ಯೂನಿಫಾರ್ಮು ಹಾಕಿಕೊಂಡು ಬಂದು ನನ್ನ ಮುಂದೆ ನಿಂತಳು. ಒಂದು ಕೈಯಲ್ಲಿ ಎರಡು ಬಾವುಟ, ಇನ್ನೊಂದರಲ್ಲಿ ಮಣಿಕಟ್ಟಿನ ಎರಡು ಪಟ್ಟಿ. ತಾನೇ ಹೊಲಿದದ್ದು. ನೋಡಿದೆ. ಹೊಲಿಗೆ ನೇರವಾಗಿತ್ತು, ಅಂಚು ಒಳಗೆ ಮಡಿಸಿತ್ತು, ನೋವಾಗದಿರಲೆಂದು ಒಳಮೈಗೆ ಹತ್ತಿಬಟ್ಟೆ ಕೊಟ್ಟಿತ್ತು. ಎಲ್ಲ ನನ್ನನ್ನು ನೋಡಿ ಕಲಿತದ್ದು.

"ಕಟ್ಟು," ಅಂದಳು.

ಬೇಡ ಅಂದೆ. ಗದರಿಸಿದೆ. ಸೂಜಿ ಎಸೆದೆ. ಕೊನೆಗೆ ಅವಳ ಮುಂದೆ ಕೂತು ಕೈ ಮುಗಿದೆ, ತಾಯಿಯಾಗಿ ಮಗಳಿಗೆ ಕೈ ಮುಗಿದೆ. ಅವಳು ಅಲುಗಲಿಲ್ಲ. ಜಗಲಿಯಿಂದ ನಮ್ಮಣ್ಣ ನೋಡುತ್ತಿದ್ದ. "ನೀನಾದ್ರೂ ಹೇಳೋ ಅಣ್ಣಾ," ಎಂದು ಕೈಯಲ್ಲಿ ಬೇಡಿಕೊಂಡೆ. ಅವನು ತನ್ನ ಗಂಟುಗಟ್ಟಿದ ಕಾಲನ್ನು ನೋಡಿದ. "ಒಳಗೆ ಒಬ್ಬಳೇ ಇರೋದಕ್ಕಿಂತ ಅದೇ ವಾಸಿ ಗೌರಿ. ನಾನೂ ಅದಕ್ಕೇ ನಿಂತಿದ್ದು," ಅಂದ.

ಸ್ಕೂಲಿನ ಗೇಟಿನವರೆಗೂ ಅವಳು ಬಾವುಟಗಳನ್ನು ನನ್ನ ಕೈಗೆ ಕೊಟ್ಟು, ಪಟ್ಟಿಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದಳು. ದಾರಿಯಲ್ಲಿ, ಎಷ್ಟೋ ದಿನದ ಮೇಲೆ, ನನ್ನ ಕಡೆ ಮುಖ ಮಾಡಿ ಹಿಂದುಹಿಂದಕ್ಕೆ ನಡೆಯುತ್ತಾ ಹರಟಿದಳು. ಹೊಸ ಮಿಸ್ಸಿನ ಜಡೆ ಉದ್ದ ಎಂದಳು, ಜೀನತ್‌ಗೆ ಹಲ್ಲು ಅಲ್ಲಾಡುತ್ತಿದೆ ಎಂದಳು, ಸಂಜೆ ಉಪ್ಪಿಟ್ಟು ಬೇಡ ದೋಸೆ ಮಾಡು ಎಂದಳು. ನಾನು ಒಂದೊಂದನ್ನೂ ಕಣ್ಣಿಟ್ಟು ನೋಡಿದೆ. ಗೇಟಿನ ಹತ್ತಿರ ಎರಡೂ ಕೈ ಚಾಚಿದಳು. ಕೆಂಪನ್ನು ಎಡಗೈಗೆ, ಹಸಿರನ್ನು ಬಲಗೈಗೆ ಕೊಟ್ಟು, ಪಟ್ಟಿ ಸುತ್ತಿ, ಜಾರದ ಹಾಗೆ ಗಂಟು ಹಾಕಿದೆ. ಬಿಗಿಯಾಯಿತೇನೇ ಎಂದು ಕೇಳಿದೆ. ಇಲ್ಲವೆಂದು ತಲೆ ಆಡಿಸಿದಳು.

ಒಳಗೆ ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. ದಿನಾ ಉಳಿಯುತ್ತಿತ್ತಲ್ಲ ಒಂದು ಮಾತು, ಅದು ಉಳಿದಿತ್ತು. ಹೇಳಲು ಕೈ ಎತ್ತಿದಳು. ಬೆರಳು ಬಿಚ್ಚಲು ಆಗಲಿಲ್ಲ, ಬಾವುಟಗಳು ಮಾತ್ರ ಪಟಪಟ ಬಡಿದುಕೊಂಡವು. ಇನ್ನೊಮ್ಮೆ ಎತ್ತಿದಳು. ನನಗೆ ಏನೂ ತಿಳಿಯಲಿಲ್ಲ. ಏನೇ ಕೂಸೇ, ಏನು, ಎಂದು ನಾನು ಗೇಟು ಹಿಡಿದುಕೊಂಡು ಕೇಳುತ್ತಲೇ ಇದ್ದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕೆಂಪನ್ನು ಕೆಳಗಿಳಿಸಿ, ಮೊಣಕೈ ಪಕ್ಕೆಗೆ ಒತ್ತಿ, ಸೋದರಮಾವ ಕಲಿಸಿದ ಹಾಗೆಯೇ, ನನಗೆ ಹಸಿರು ತೋರಿಸಿದಳು.